ತಂಗಿಯ ಕಾಲಡಿಯ ಮಣ್ಣು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಬಾಕ್ಸಿಂಗಿನಲ್ಲಿ ತಂಗಿಯ ಎದುರು ನಿಂತ ಹಿಲ್ಲೂರಿನ ಹುಡುಗಿ ಅವತ್ತು ಕೆಂಪು ಬನಿಯನ್ ಹಾಕಿದ್ದಳು ಎಂದು ನನ್ನ ನೆನಪು. ಕೆಂಪು ಹಾಕಿದ್ದು ತಾನು, ಅವಳದ್ದು ನೀಲಿ ಎಂದು ತಂಗಿ ಹೇಳುತ್ತಾಳೆ. ಪಂದ್ಯ ಎರಡನೇ ರೌಂಡಿಗೆ ನಿಂತಿತೋ ಮೂರನೆಯದಕ್ಕೋ ಎನ್ನುವುದೂ ನನಗೆ ಖಚಿತವಿಲ್ಲ. ನಾನು ದಿನಚರಿ ಬರೆಯುವವಳು, ನಿಜ. ಆದರೆ ಆ ದಿನದ ಬಗ್ಗೆ ಬರೆದದ್ದು ಎಷ್ಟೋ ದಿನದ ಮೇಲೆ, ಧಾರವಾಡದ ಹಾಸ್ಟೆಲಿನಲ್ಲಿ ಕುಳಿತು. ಅಷ್ಟರೊಳಗೆ ಮನೆಯಿಂದ ಫೋನಿನಲ್ಲಿ ಕೇಳಿದ್ದೆಲ್ಲ ನಾನು ಕಂಡದ್ದರೊಂದಿಗೆ ಬೆರೆತುಹೋಗಿತ್ತು. ಈಗ ಓದಿದರೆ ಯಾವುದು ನನ್ನ ಕಣ್ಣಿನದು, ಯಾವುದು ನಮ್ಮನ್ನು ಹೆತ್ತ ಆಯಿಯ ಬಾಯಿಯದು ಎಂದು ಬೇರ್ಪಡಿಸಲು ಆಗುವುದಿಲ್ಲ.

ಒಂದನ್ನು ಮಾತ್ರ ಗಟ್ಟಿಯಾಗಿ ಹೇಳಬಲ್ಲೆ. ಆ ಪಂದ್ಯಕ್ಕೆ ಮುಂಚೆ ನನ್ನ ತಂಗಿ ಎಲ್ಲರ ಮುಖ ನೋಡಿ ಮಾತಾಡುತ್ತಿದ್ದಳು. ಈಗ ಯಾರ ಮುಖವನ್ನೂ ನೋಡುವುದಿಲ್ಲ, ನನ್ನದನ್ನೂ.

ಅವಳಿಗೆ ಬಾಕ್ಸಿಂಗ್ ಕಲಿಸಿದವನು ಮಾವ, ಎಂದರೆ ಆಯಿಯ ತಮ್ಮ. ಅವನು ಸೈನ್ಯದಲ್ಲಿದ್ದಾಗ ಕಲಿತು, ನಿವೃತ್ತನಾಗಿ ಬಂದ ಮೇಲೆ ಕಾರವಾರದ ಕೋಡಿಬಾಗದಲ್ಲಿ ನದಿಯ ದಂಡೆಗೆ ಹತ್ತಿರದ ಒಂದು ತಗಡಿನ ಶೆಡ್ಡಿನಲ್ಲಿ ಮಕ್ಕಳಿಗೆ ಹೇಳಿಕೊಡುತ್ತಿದ್ದ. ಮೊದಲು ಅದರಲ್ಲಿ ಬಲೆ ತುಂಬಿಡುತ್ತಿದ್ದರು. ದೋಣಿಯ ಹಗ್ಗವನ್ನೇ ನಾಲ್ಕು ಕಂಬಕ್ಕೆ ಸುತ್ತಿ ರಿಂಗ್ ಮಾಡಿದ್ದ. ಹೊಡೆಯುವ ಚೀಲದಲ್ಲಿ ಮರಳಿನ ಜೊತೆ ಅತ್ತೆಯ ಹಳೆ ಸೀರೆಗಳು ತುಂಬಿದ್ದವು. ಎಷ್ಟು ತೊಳೆದರೂ ನೆಲದಿಂದ ಒಣಮೀನಿನ ವಾಸನೆ ಹೋಗುತ್ತಿರಲಿಲ್ಲ. ನಮ್ಮ ಮನೆ ಅಂಕೋಲೆಯ ಆಚೆ, ಹಳ್ಳಿಯಲ್ಲಿ. ತಂಗಿ ಪಿಯುಸಿಗೆಂದು ಕಾರವಾರಕ್ಕೆ ಹೋಗಿ ಮಾವನ ಮನೆಯಲ್ಲಿ ಉಳಿದಳು. ಕಾಲೇಜಿಗಿಂತ ಹೆಚ್ಚು ಹೊತ್ತು ಶೆಡ್ಡಿನಲ್ಲಿ ಕಳೆದಳು.

ಮಾವನಿಗೆ ಕೈಗಿಂತ ಮನಸ್ಸಿನ ಮೇಲೆ ಹೆಚ್ಚು ನಂಬಿಕೆ. "ಗೆಲ್ಲೂದೆಲ್ಲ ಗಂಟೆ ಹೊಡೆಯೂದ್ರ ಒಳಗೇ ಆಗ್ಬೇಕು. ಆಮೇಲೆ ಹೊಡೆದಾಡೂದು ಜನ ನೋಡುಕೆ ಬಂದಾರಲ್ಲ, ಅದಕ್ಕೆ" ಎನ್ನುತ್ತಿದ್ದ. ಪೆಟ್ಟು ಬಿದ್ದರೆ ನಗಬೇಕು. ಮೂಲೆಗೆ ಹೋದಾಗ ಸ್ಟೂಲ್ ಇಟ್ಟರೂ ಕೂರಬಾರದು. ಎದುರಾಳಿ ನೀರು ಕುಡಿಯುತ್ತಿದ್ದರೆ ಕುಡಿದು ಮುಗಿಸುವವರೆಗೂ ಅವಳನ್ನೇ ನೋಡುತ್ತಿರಬೇಕು. ಗ್ಲೌಸ್ ನೋಡಬಾರದು, ಕಾಲು ನೋಡಬಾರದು, ಹುಬ್ಬುಗಳ ನಡುವೆ ನೋಡಬೇಕು. ರೆಪ್ಪೆ ಹೊಡೆಯಬಾರದು.

ಇದನ್ನು ಕಲಿಸಲು ಅವನದೊಂದು ಆಟವಿತ್ತು. ಇಬ್ಬರನ್ನು ಎದುರುಬದುರು ಕೂರಿಸಿ, ಒಬ್ಬರನ್ನೊಬ್ಬರು ನೋಡಬೇಕು ಎನ್ನುವುದು. ಮೊದಲು ರೆಪ್ಪೆ ಹೊಡೆದವರು ಎಲ್ಲರಿಗೂ ಕುಡಿಯಲು ಬಾವಿಯಿಂದ ನೀರು ಸೇದಿ ತರಬೇಕು. ಅಲ್ಲಿಯ ಮಕ್ಕಳಲ್ಲಿ ಹೆಚ್ಚಿನವರು ಮನೆಯಲ್ಲಿ ಕೊಂಕಣಿ ಆಡುವವರು; ನೋಡು ಎನ್ನುವುದಕ್ಕೆ ಅವರಲ್ಲಿ ಪಳಯ್ ಎನ್ನುತ್ತಾರೆ. ಆಟಕ್ಕೂ ಅದೇ ಹೆಸರಾಯಿತು. "ಪಳಯ್ ಆಡ್ವಾ?" ಎಂದು ಕೇಳುತ್ತಿದ್ದರು. ತಂಗಿ ಶೆಡ್ಡಿಗೆ ಸೇರಿದ ಮೇಲೆ ಅವಳು ನೀರು ಸೇದಿದ್ದು ಯಾರಿಗೂ ನೆನಪಿಲ್ಲ.

ಊರಿಗೆ ಬಂದಾಗಲೂ ಅವಳಿಗೆ ಅದೇ ಅಭ್ಯಾಸ. ಬೆಕ್ಕನ್ನು ನೋಡುತ್ತಿದ್ದಳು, ಎಮ್ಮೆಯನ್ನು ನೋಡುತ್ತಿದ್ದಳು, ಊಟಕ್ಕೆ ಕುಳಿತ ಅಪ್ಪನನ್ನು ನೋಡುತ್ತಿದ್ದಳು.

"ಎಮ್ಮೆ ಸೋತ್ತು. ಇನ್ನು ನನ್ನ ಪಾಳಿಯಾ?" ಅಪ್ಪ ಅನ್ನ ಕಲಸುತ್ತ ಕೇಳಿದ. "ಇದು ಎದುರು ಕೂತ್ರೆ ಬಂಗಡೆ ಮುಳ್ಳು ಗಂಟಲಿಗೆ ಸಿಕ್ಕೂದು ಖಂಡಿತ."

"ಉಣ್ಣೋರ್ನ ಹಾಗೆಲ್ಲ ನೋಡಬಾರ್ದೇ ತಂಗಿ" ಎಂದಳು ಆಯಿ. ಅವಳು ನಗುತ್ತಿರಲಿಲ್ಲ. ಅಥವಾ ನಗುತ್ತಿದ್ದಳೋ, ಈಗಿನ ನಾನು ಆ ನಗುವನ್ನು ಅಳಿಸಿ ಹಾಕಿದ್ದೇನೋ.

ಆ ಸಲ ರಜೆಯಲ್ಲಿ ನಾನು ತಂಗಿಯನ್ನು ಕೇಳಿದೆ, ಅಷ್ಟು ಹೊತ್ತು ಒಬ್ಬರನ್ನು ನೋಡುವಾಗ ನಿನಗೆ ಏನು ಕಾಣುತ್ತದೆ ಎಂದು. ನಾನು ಮನಃಶಾಸ್ತ್ರ ಓದುತ್ತಿದ್ದೆ, ಏನಾದರೂ ದೊಡ್ಡದು ಸಿಗಬಹುದು ಎಂಬ ಆಸೆ ಇತ್ತು.

"ಎಂತದೂ ಕಾಣೂದಿಲ್ವೆ ಅಕ್ಕಾ" ಎಂದಳು. "ನಂಗೇ ಹೊಟ್ಟೆ ಒಳಗೆ ನಡುಕ ಇರ್ತದೆ. ಎಲ್ಲಾದ್ರೂ ಒಂದು ಕಡೆ ಕಣ್ಣು ಊರಿದ್ರೆ ನಡುಕ ಸ್ವಲ್ಪ ತಗ್ತದೆ. ಹಣೆ ಮೇಲೆ ಟಿಕಲಿ ಹಚ್ಚೋ ಜಾಗ ನೋಡ್ತಾ ಇರ್ತೆ. ಅವ್ರ ಮುಖ ನಂಗೆ ಕಾಣೂದೇ ಇಲ್ಲ."

ಈ ಮಾತನ್ನು ಅವಳು ಹೇಳಿದ್ದು ನಿಜ. ಅದನ್ನು ಆಗಲೇ ಬರೆದಿಟ್ಟಿದ್ದೆ.

ಜಿಲ್ಲೆಯ ತಂಡಕ್ಕೆ ಹುಡುಗಿಯರನ್ನು ಆರಿಸುವ ಪಂದ್ಯಗಳು ಕಾರವಾರದ ಒಂದು ಶಾಲೆಯ ಸಭಾಭವನದಲ್ಲಿ ನಡೆದವು. ಬಿರುಬೇಸಿಗೆ. ಅಪ್ಪನಿಗೆ ಶೇಂಗಾ ಕೀಳುವ ಕೆಲಸವಿತ್ತು. ಆಯಿ ಮತ್ತು ನಾನು ಬೆಳಗಿನ ಬಸ್ಸಿಗೆ ಹೋದೆವು. ತಂಗಿಯ ಎದುರಾಳಿ ಹಿಲ್ಲೂರಿನವಳು. ತಂಗಿಗಿಂತ ಕುಳ್ಳಗೆ, ಆದರೆ ಹೊರೆ ಹೊತ್ತು ಗಟ್ಟಿಯಾದ ಹೆಗಲು. ಅವಳು ಗೋಡೆಯ ಕಡೆ ಮುಖ ಮಾಡಿ ಗಾಳಿಗೆ ಗುದ್ದುತ್ತಿದ್ದುದನ್ನು ಮಾವ ಸ್ವಲ್ಪ ಹೊತ್ತು ನೋಡಿದ. ಆಮೇಲೆ ತಂಗಿಗೆ, "ಕೈಗೆ ಕೈ ಹಚ್ಚಿದ್ರೆ ಇದು ನಿನ್ನ ತಿಂದು ಹಾಕ್ತದೆ. ಗಂಟೆಗಿಂತ ಮೊದ್ಲೇ ಮುಗ್ಸು" ಎಂದ.

ಹುಡುಗಿಯ ಜೊತೆ ಅವಳ ತಾಯಿ ಬಂದಿದ್ದಳು. ಆಯಿಯದೇ ವಯಸ್ಸು, ತುರುಬಿನಲ್ಲಿ ಅಬ್ಬಲಿಗೆ. ಮಗಳ ಪಾದದ ಗಂಟಿಗೆ ಕಪ್ಪು ದಾರ ಕಟ್ಟಿದ್ದಳು, ಕಿವಿಯ ಹಿಂದೆ ಕಾಡಿಗೆಯ ಬೊಟ್ಟು ಇಟ್ಟಿದ್ದಳು, ಚಿಕ್ಕ ಮಕ್ಕಳಿಗೆ ದೃಷ್ಟಿಯಾಗದಂತೆ ಇಡುವ ಹಾಗೆ. ರಿಂಗಿಗೆ ಹತ್ತುವ ಮೊದಲು ಮೈಮೇಲೆ ಆಭರಣ, ದಾರ ಏನೂ ಇರಬಾರದೆಂದು ನಿಯಮ. ರೆಫರಿ ನೋಡಿ ಕತ್ತರಿ ತರಿಸಿದರು.

"ಅದೊಂದು ಬಿಡಿ ಸರ್. ಅದು ಮಂತ್ರಿಸಿ ಕಟ್ಟಿದ್ದು" ಎಂದಳು ತಾಯಿ.

"ರೂಲ್ಸ್ ಇದೆ ಅಮ್ಮಾ, ನಾನು ಏನು ಮಾಡ್ಲಿ" ಎಂದರು ರೆಫರಿ. ಒರಟಾಗಿ ಹೇಳಲಿಲ್ಲ. ದಾರ ಕತ್ತರಿಸಿದರು. ಹಣೆಯ ಟಿಕಲಿಯನ್ನು ಹುಡುಗಿ ತಾನೇ ಕಿತ್ತಳು. ಬೆವರು ಒರೆಸುವಾಗ ಕಿವಿಯ ಹಿಂದಿನ ಬೊಟ್ಟೂ ಹೋಯಿತು. ತಾಯಿ ಕತ್ತರಿಸಿದ ದಾರವನ್ನು ಮುಷ್ಟಿಯಲ್ಲಿ ಹಿಡಿದು ಕುಳಿತಳು.

ಮಾವ ಇದನ್ನೆಲ್ಲ ನೋಡುತ್ತಿದ್ದ. ಬಗ್ಗಿ ತಂಗಿಯ ಕಿವಿಯಲ್ಲಿ ಏನೋ ಹೇಳಿದ. ನಾನು ದೂರ ಇದ್ದೆ, ಕೇಳಲಿಲ್ಲ. ಅವನು ಹೇಳಿದ್ದು, "ನೋಡ್ದ್ಯಾ, ಅವರೇ ಬಾಗ್ಲು ತೆಗ್ದಿಟ್ರು, ಒಳಗೆ ಹೋಗು" ಎಂದು, ಎನ್ನುತ್ತಾಳೆ ತಂಗಿ. ಗಾರ್ಡ್ ಮೇಲೆತ್ತು ಎಂದಷ್ಟೇ ಹೇಳಿದೆ ಎನ್ನುತ್ತಾನೆ ಮಾವ. ಇಬ್ಬರೂ ಸುಳ್ಳು ಹೇಳುವವರಲ್ಲ.

ರಿಂಗಿನ ನಡುವೆ ಇಬ್ಬರನ್ನೂ ನಿಲ್ಲಿಸಿದಾಗ ತಂಗಿ ಅವಳನ್ನು ನೋಡಿದಳು. ಟಿಕಲಿ ಕಿತ್ತ ಜಾಗದಲ್ಲಿ ಹುಡುಗಿಯ ಚರ್ಮ ಬೆಳ್ಳಗೆ, ಒಂದು ಚುಕ್ಕೆಯಷ್ಟು. ವರ್ಷಗಟ್ಟಲೆ ಬಿಸಿಲು ಕಾಣದ ಚರ್ಮ. ಅದನ್ನೇ ನೋಡುತ್ತಿದ್ದೆ ಎಂದು ತಂಗಿ ಆಮೇಲೆ ಹೇಳಿದಳು. ಗಂಟೆ ಹೊಡೆಯಿತು. ಹುಡುಗಿ ಕೈ ಎತ್ತಿದಳು, ಆದರೆ ಒಂದು ಪೆಟ್ಟನ್ನೂ ಹಾಕಲಿಲ್ಲ. ಫೋಟೋಗೆ ನಿಂತವಳ ಹಾಗೆ ನಿಂತಿದ್ದಳು. ಆಗಾಗ ತಿರುಗಿ ತಾಯಿ ಎಲ್ಲಿದ್ದಾಳೆ ಎಂದು ಹುಡುಕುತ್ತಿದ್ದಳು. ಹಾಗೆ ಹುಡುಕುವಾಗಲೇ ತಂಗಿಯ ಬಲಗೈ ಅವಳ ಕೆನ್ನೆಗೆ ಬಿತ್ತು. ಅವಳು ಬೀಳಲಿಲ್ಲ, ಕೆಲಸ ಮುಗಿಸಿ ಅಂಗಳದಲ್ಲಿ ಕೂರುವಂತೆ ಕುಳಿತುಬಿಟ್ಟಳು. ರೆಫರಿ ಎಣಿಸಿದರು. ಎದ್ದಳು. ಮತ್ತೆ ಎಣಿಸುವುದಾಯಿತು. ಪಂದ್ಯವನ್ನೇ ನಿಲ್ಲಿಸಿದರು.

ಮಾವ ಹಗ್ಗದ ಮೇಲಿಂದಲೇ ತಂಗಿಯನ್ನು ಎತ್ತಿಕೊಂಡ. ಶೆಡ್ಡಿನ ಮಕ್ಕಳು ಪಳಯ್ ಪಳಯ್ ಎಂದು ಕೂಗಿದರು. ನಾನೂ ಚಪ್ಪಾಳೆ ತಟ್ಟಿದೆ. ಬಸ್ಸಿನಲ್ಲಿ ವಾಪಸು ಬರುವಾಗ ಆಯಿ, "ಆ ಹುಡ್ಗಿ ಹೊಡೀಲೇ ಇಲ್ಲ ಅಲ್ವಾ?" ಎಂದು ಕೇಳಿದಳು.

ಹಿಲ್ಲೂರಿನ ಹುಡುಗಿಗೆ ಜ್ವರ ಬಂತು. ತಲೆ ಸುತ್ತುತ್ತದೆ, ಅನ್ನ ಸೇರುವುದಿಲ್ಲ, ನಿದ್ರೆಯಲ್ಲಿ ಬೆಚ್ಚಿಬೀಳುತ್ತಾಳೆ ಎಂದು ಸುದ್ದಿ. ತಲೆಗೆ ಪೆಟ್ಟು ಬಿದ್ದದ್ದಕ್ಕೆ ಹಾಗಾಗಿರಬಹುದು, ಬಿಸಿಲಿಗೂ ಇರಬಹುದು. ಅಂಕೋಲೆಯ ಡಾಕ್ಟರ್ ಮಾತ್ರೆ ಕೊಟ್ಟರಂತೆ. ಆಮೇಲೆ ಒಂದು ದಿನ ಅವಳ ತಾಯಿ ಬಸ್ಸು ಹತ್ತಿ ನಮ್ಮ ಮನೆಗೆ ಬಂದಳು. ತಂಗಿ ಬೇಸಿಗೆ ರಜೆಗೆಂದು ಊರಿಗೆ ಬಂದಿದ್ದಳು, ನಾನು ಆಗ ಧಾರವಾಡಕ್ಕೆ ಹೋಗಿಯಾಗಿತ್ತು. ಇಲ್ಲಿಂದ ಮುಂದಿನದನ್ನು ನಾನು ಕಂಡಿಲ್ಲ.

ಅವಳು ಕೇಳಲು ಬಂದದ್ದು ತಂಗಿಯ ಕಾಲಡಿಯ ಮಣ್ಣು.

ನಮ್ಮ ಕಡೆಯ ಪದ್ಧತಿ ಇದು. ಮಗುವಿಗೆ ಯಾರದಾದರೂ ಕಣ್ಣು ಬಿದ್ದಿದೆ ಎಂದು ಕಂಡರೆ, ಅವರು ತುಳಿದ ಜಾಗದಿಂದ ಒಂದು ಚಿಟಿಕೆ ಮಣ್ಣು ತಂದು, ಉಪ್ಪು, ಸಾಸಿವೆ, ಒಣಮೆಣಸಿನ ಜೊತೆ ಮಗುವಿಗೆ ನಿವಾಳಿಸಿ ಒಲೆಗೆ ಹಾಕುತ್ತಾರೆ. ಆ ಮಣ್ಣನ್ನು ಕಾಣದ ಹಾಗೆ ತರಬೇಕು. ಹೇಳಿ ಕೇಳಿ ಒಯ್ಯುವುದಿಲ್ಲ, ಕೇಳಿದರೆ ಜಗಳವೇ. ಯಾರ ಕಣ್ಣು ಎಂದು ಯಾರೂ ಬಾಯಿಬಿಟ್ಟು ಹೇಳದೆ, ಕೊಟ್ಟವರಿಗೂ ಗೊತ್ತಾಗದೆ ಮುಗಿದುಹೋಗುತ್ತದೆ. ಬಹುಶಃ ಅದಕ್ಕೇ ನಮ್ಮ ಊರುಗಳಲ್ಲಿ ಇಷ್ಟೆಲ್ಲ ನಂಬಿಕೆ ಇದ್ದೂ ಜನ ಒಟ್ಟಿಗೆ ಬಾಳಿದ್ದಾರೆ. ಆದರೆ ಹಿಲ್ಲೂರಿನ ತಾಯಿ ದೂರದಿಂದ ಬಂದವಳು, ನಮ್ಮ ಅಂಗಳದಲ್ಲಿ ಕದ್ದು ತೆಗೆಯಲು ಅವಳಿಗೆ ಹೇಗಾದೀತು. ಅವಳು ಕೇಳಿದಳು. ಆಯಿ ಕೊಟ್ಟಳು.

ಹೇಗೆ ಕೊಟ್ಟಳು ಎನ್ನುವುದಕ್ಕೆ ಎರಡು ಕಥೆಗಳಿವೆ. ಆಯಿಯ ಪ್ರಕಾರ ತಂಗಿ ಆಗ ಮನೆಯಲ್ಲೇ ಇರಲಿಲ್ಲ. ಬಾವಿಕಟ್ಟೆಯ ಹತ್ತಿರ ಅವಳು ದಿನಾ ನಿಲ್ಲುವ ಜಾಗದಿಂದ ಒಂದಿಷ್ಟು ಕೆರೆದು ಬಾಳೆಲೆಯ ತುಂಡಿನಲ್ಲಿ ಕಟ್ಟಿಕೊಟ್ಟಳು. ತಂಗಿಯ ಪ್ರಕಾರ ಅವಳು ಅಂಗಳದಲ್ಲೇ ನಿಂತಿದ್ದಳು. ಆಯಿ ಬಂದು, "ಕಾಲು ಸ್ವಲ್ಪ ಎತ್ತೇ" ಎಂದಳು. ಅವಳು ಎತ್ತಿದಳು.

ಮಾವ ಸುದ್ದಿ ತಿಳಿದು ಕೋಡಿಬಾಗದಿಂದ ಬಂದ. ಅವನು ಆಯಿಯ ಮೇಲೆ ದನಿ ಏರಿಸಿದ್ದು ಅದೇ ಮೊದಲಂತೆ.

"ನೀ ಎಂತಕ್ಕೆ ಕೊಟ್ಟೆ ಅಕ್ಕಾ? ಕೊಟ್ರೆ ಒಪ್ಪಿಕೊಂಡ ಹಾಗೆ ಆಗೂದಿಲ್ವಾ?"

"ಮಗಳಿಗೆ ಹುಷಾರಿಲ್ಲ ಅಂತ ಬಾಗ್ಲಿಗೆ ಬಂದು ಸೆರಗು ಒಡ್ದಾಳೆ. ಮಣ್ಣು ಇಲ್ಲ ಅನ್ನುಕೆ ಆಗ್ತದ್ಯಾ? ಮಣ್ಣೇ ಅಲ್ವಾ ಅದು?"

"ಮಣ್ಣಲ್ಲ ಅದು. ನಿನ್ನ ಮಗಳ ಹೆಸ್ರು."

"ಕಣ್ಣು ಹಾಕುಕೆ ಕಲಿಸ್ದೋನು ನೀನು" ಎಂದಳು ಆಯಿ. "ಮಣ್ಣು ಕೊಟ್ಟೋಳು ನಾನು. ಯಾರದ್ದು ದೊಡ್ಡದು?"

ಮಾವ ಚಹಾ ಕುಡಿಯದೆ ಹೋದ.

ಹುಡುಗಿಗೆ ಗುಣವಾಯಿತು. ಅದೇ ನಮಗೆ ಮುಳುವಾಯಿತು. ಅವಳಿಗೆ ಜ್ವರ ಬಿಡದೆ ಇದ್ದಿದ್ದರೆ ಬೇರೆ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದರು, ಬೇರೆ ಯಾರದ್ದೋ ಹೆಸರು ಹೇಳುತ್ತಿದ್ದರು. ಅವಳು ಎದ್ದು ಅನ್ನ ಉಂಡಳು. ಹೀಗೆ ಬರೆಯುವಾಗ ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತದೆ. ಒಬ್ಬ ಹುಡುಗಿ ಗುಣವಾದದ್ದನ್ನು ದುಃಖದಂತೆ ಬರೆಯುತ್ತಿದ್ದೇನೆ. ಆದರೆ ನಡೆದದ್ದು ಹಾಗೆ. ಹಿಲ್ಲೂರಿನ ಬಸ್ಸು ಅಂಕೋಲೆಯ ಪೇಟೆಗೆ ಬರುತ್ತದೆ, ಪೇಟೆಯಿಂದ ಮಾತು ನಮ್ಮೂರಿಗೆ ಬಂತು. ತಾಯಿಯೇ ಕೈಯಾರೆ ಮಣ್ಣು ತೆಗೆದು ಕೊಟ್ಟಿದ್ದಾಳೆ ಎಂದ ಮೇಲೆ ಸಂಶಯಕ್ಕೆ ಜಾಗವೆಲ್ಲಿ.

ಯಾರೂ ತಂಗಿಯನ್ನು ಬೈಯಲಿಲ್ಲ. ಬೈದಿದ್ದರೆ ಅವಳು ಎದುರು ನಿಲ್ಲುತ್ತಿದ್ದಳು, ಅದು ಅವಳಿಗೆ ಗೊತ್ತಿತ್ತು. ಎಲ್ಲರೂ ಅವಳಿಗೆ ತಿನ್ನಲು ಕೊಡತೊಡಗಿದರು. ಹಸಿದ ಕಣ್ಣು ಬೀಳುತ್ತದೆ, ತುಂಬಿದ ಹೊಟ್ಟೆಯವರ ಕಣ್ಣು ಬೀಳುವುದಿಲ್ಲ ಎನ್ನುತ್ತಾರಲ್ಲ. ಪಕ್ಕದ ಮನೆಯಲ್ಲಿ ಕಡುಬು ಮಾಡಿದರೆ ಮನೆಯವರಿಗಿಂತ ಮೊದಲು ಅವಳಿಗೆ ಬಂತು. ಅಂಕೋಲೆಯ ಮೀನುಪೇಟೆಯಲ್ಲಿ ಬಂಗಡೆ ಮಾರುವವಳು ಎರಡು ಹೆಚ್ಚಿಗೆ ಹಾಕಿ, "ತಕಾ ತಂಗಿ, ಬುಟ್ಟಿ ಮಾತ್ರ ನೋಡಬೇಡ" ಎಂದು ನಕ್ಕಳು. ಮೊದಲ ಸಲ ತಂಗಿಯೂ ನಕ್ಕಳಂತೆ. ತೊಟ್ಟಿಲು ಕಟ್ಟುವ ಮನೆಗೆ ಹೋದರೆ ಬಾಗಿಲಲ್ಲೇ ಕುರ್ಚಿ ಹಾಕಿ, ಎಲ್ಲರಿಗಿಂತ ಮೊದಲು ಚಹಾ ಕೊಟ್ಟು, "ನಿಂಗೆ ಬಸ್ಸಿಗೆ ಹೊತ್ತಾಗ್ತದೆ ಅಲ್ವಾ" ಎನ್ನುತ್ತಿದ್ದರು. ಎದುರುಮನೆಯವರ ಇಶಾಡು ಮಾವಿನ ಮರಕ್ಕೆ ಒಂದು ಹರಿದ ಚಪ್ಪಲಿ ಬಂತು. ನಮ್ಮ ಜಗಲಿಯ ಕಡೆಗೆ ಮುಖ ಮಾಡಿ ಕಟ್ಟಿದ್ದರು.

ಅಪ್ಪ ಅದನ್ನು ದಿನಾ ನೋಡುತ್ತಿದ್ದ. ಒಂದು ದಿನ, "ನಮ್ಮ ಮರಕ್ಕೂ ಒಂದು ಕಟ್ಟೂದು. ಅವರ ಚಪ್ಪಲಿಗೆ ನಮ್ಮ ಚಪ್ಪಲಿ ದೃಷ್ಟಿ" ಎಂದ. ಅದು ನಮ್ಮ ಮನೆಯಲ್ಲಿ ಆ ವಿಷಯದ ಬಗ್ಗೆ ಹುಟ್ಟಿದ ಒಂದೇ ತಮಾಷೆ. ಯಾರೂ ನಗಲಿಲ್ಲ.

ಸಿಟ್ಟು ಇಳಿದ ಮೇಲೆ ಮಾವನಿಗೆ ಇದರಲ್ಲಿ ಬೇರೆಯದೇ ಕಂಡಿತು. ಆಮೇಲಿನ ಪಂದ್ಯಗಳಲ್ಲಿ ಎದುರಾಳಿ ಹುಡುಗಿಯರು ತಂಗಿಯ ಮುಖ ನೋಡದೆ ರಿಂಗಿಗೆ ಹತ್ತಿದರು. ಒಬ್ಬಳ ಕಾಲುಚೀಲದಿಂದ ಲಿಂಬೆಹಣ್ಣು ಉರುಳಿಬಿತ್ತು. ಒಬ್ಬಳು ಹೊಟ್ಟೆನೋವು ಎಂದು ಬರಲೇ ಇಲ್ಲ. "ಒಳ್ಳೇದೇ ಆಯ್ತು" ಎಂದು ಮಾವ ನನಗೆ ಫೋನಿನಲ್ಲಿ ಹೇಳಿದ. "ಇಪ್ಪತ್ತು ವರ್ಷ ಕಲಿಸಿದ್ರೂ ಇಷ್ಟು ಹೆದರಿಕೆ ಹುಟ್ಟಿಸುಕೆ ಆಗ್ತಿರ್ಲಿಲ್ಲ. ನಿಮ್ಮ ಆಯಿ ಪುಕ್ಕಟೆ ಮಾಡಿಕೊಟ್ಲು." ಬೇರೆ ಕೋಚುಗಳ ಹತ್ತಿರ, ನಮ್ಮ ಹುಡ್ಗಿ ಕಣ್ಣು ಗೊತ್ತಲ್ಲ, ಎಂದು ಅವನೇ ಹೇಳಿಕೊಂಡು ತಿರುಗಿದ. ತಂಗಿ ಜಿಲ್ಲೆಗೆ ಗೆದ್ದಳು. ಮುಂದಿನ ಹಂತಕ್ಕೆ ಆಯ್ಕೆಯಾದಳು. ಪೇಪರಿನಲ್ಲಿ ಚಿಕ್ಕ ಫೋಟೋ ಬಂತು. ಅದರಲ್ಲಿ ಅವಳು ಕ್ಯಾಮೆರಾದ ಪಕ್ಕಕ್ಕೆ ಎಲ್ಲೋ ನೋಡುತ್ತಿದ್ದಾಳೆ. ಆಗ ನನಗೆ ಅದು ವಿಶೇಷ ಎನಿಸಲಿಲ್ಲ.

ದಸರೆಯ ರಜೆಗೆ ಬಂದಾಗ ನಾನು ಅವಳನ್ನು ಬೇಲೇಕೇರಿಯ ಕಡಲದಂಡೆಗೆ ಕರೆದುಕೊಂಡು ಹೋದೆ. ಓದಿದ್ದನ್ನೆಲ್ಲ ಹೇಳಿದೆ. ಹೆದರಿಕೆ ಹೆದರುವವರ ಒಳಗೆ ಇರುತ್ತದೆ, ನಿನ್ನ ಕಣ್ಣಿನಲ್ಲಿ ಏನೂ ಇಲ್ಲ, ದಾರ ಕತ್ತರಿಸಿದಾಗಲೇ ಆ ಹುಡುಗಿ ಸೋತಾಗಿತ್ತು, ಆಮೇಲೆ ಎದುರಿಗೆ ಯಾರು ನಿಂತಿದ್ದರೂ ಸೋಲುತ್ತಿದ್ದಳು. ಅವಳು ಮರಳಿನಲ್ಲಿ ಬೆರಳಾಡಿಸುತ್ತ ಕೇಳಿಸಿಕೊಂಡಳು.

"ಹಾಗಾದ್ರೆ ಮಾವ ಕಲಿಸ್ದು ಎಂತದು?" ಎಂದಳು.

"ಅದು ಬರೀ ಮನಸ್ಸಿನ ಆಟ."

"ನೋಡಿದ್ರೆ ಅವರ ಕೈ ಏಳೂದಿಲ್ಲ ಅಂತ ಮಾವ ಹೇಳ್ದ. ಅದು ನಿಜ ಆಯ್ತು. ಎಲ್ಲರೂ ಚಪ್ಪಾಳೆ ಹೊಡೆದ್ರಿ, ನೀನೂ ಹೊಡೆದೆ. ಈಗ ಊರಲ್ಲಿ ಹೇಳೂದೂ ಅದನ್ನೇ ಅಲ್ವಾ, ಇದು ನೋಡಿದ್ರೆ ಆಗ್ತದೆ ಅಂತ. ಹಗ್ಗದ ಒಳಗೆ ನಿಜ, ಹಗ್ಗದ ಹೊರಗೆ ಸುಳ್ಳು ಅಂದ್ರೆ ನಾ ಹೆಂಗೆ ನಂಬೂದು?"

ನಾನು ಏನೋ ಉತ್ತರ ಕೊಟ್ಟೆ. ಏನೆಂದು ನೆನಪಿಲ್ಲ, ಬರೆದೂ ಇಟ್ಟಿಲ್ಲ. ಬರೆಯುವಂತಹ ಉತ್ತರ ಆಗಿದ್ದರೆ ಬರೆದಿರುತ್ತಿದ್ದೆ. ಅವಳಿಗೆ ಉತ್ತರ ಬೇಕಾಗಿಯೂ ಇರಲಿಲ್ಲವೇನೋ. ಆಗಲೇ ಅವಳು ನನ್ನ ಮುಖ ಬಿಟ್ಟು ನನ್ನ ಭುಜದಾಚೆ, ನೀರಿನ ಕಡೆ ನೋಡಿ ಮಾತಾಡುತ್ತಿದ್ದಳು ಎಂದು ಈಗ ಅನಿಸುತ್ತದೆ. ಈಗ ಅನಿಸುವುದನ್ನೆಲ್ಲ ನಂಬಬಾರದು.

ಮುಂದಿನ ಹಂತದ ಪಂದ್ಯ ಬೇರೆ ಊರಿನಲ್ಲಿ. ನಾನೂ ಮಾವನೂ ಹೋಗಿದ್ದೆವು. ಅಲ್ಲಿ ತಂಗಿಯ ಕಣ್ಣಿನ ಸುದ್ದಿ ಯಾರಿಗೂ ಗೊತ್ತಿರಲಿಲ್ಲ. ಎದುರಾಳಿ ಎಳೆ ಮುಖದ ಹುಡುಗಿ, ಹಲ್ಲಿಗೆ ತಂತಿ ಹಾಕಿಸಿಕೊಂಡಿದ್ದಳು. ನಿಂತ ಕೂಡಲೇ ತಂಗಿಯ ಕಡೆ ನೋಡಿ ನಕ್ಕಳು, ಸ್ನೇಹದಿಂದಲೇ. ತಂಗಿ ತಲೆ ತಗ್ಗಿಸಿದಳು. ಗಂಟೆ ಹೊಡೆದರೂ ಎತ್ತಲಿಲ್ಲ. ಅವಳು ಆ ಹುಡುಗಿಯ ಬೂಟಿನ ಲೇಸು ನೋಡುತ್ತ ಆಡಿದಳು. ಮಾವ ಮೂಲೆಯಿಂದ, "ಮೇಲೆ ನೋಡೇ, ಮೇಲೆ" ಎಂದು ಕೂಗುತ್ತಲೇ ಇದ್ದ. ಕೊನೆಗೆ ಅವನ ಸ್ವರ ಬಿದ್ದುಹೋಯಿತು. ಪೆಟ್ಟುಗಳು ಒಂದರ ಹಿಂದೆ ಒಂದು ಅವಳ ನೆತ್ತಿಗೆ, ಕಿವಿಗೆ ಬಿದ್ದವು. ಅವಳು ನಗಬೇಕು ಎನ್ನುವುದನ್ನು ಮರೆತಿರಲಿಲ್ಲ. ನೆಲ ನೋಡುತ್ತ ನಗುತ್ತಿದ್ದಳು.

ಆಮೇಲೆ ಹೊರಗೆ ನಲ್ಲಿಯ ಹತ್ತಿರ ಅವಳ ಮೂಗಿನ ರಕ್ತ ತೊಳೆಯುತ್ತ ಮಾವ ಕೇಳಿದ, "ಯಾಕೆ ನೋಡ್ಲಿಲ್ಲ ಮಗಾ? ಒಂದು ಸಲ ನೋಡಿದ್ರೆ ಸಾಕಿತ್ತು."

"ಸಣ್ಣದು ಅದು, ಮಾವ" ಎಂದಳು. "ನಾ ನೋಡಿ, ಮನೆಗೆ ಹೋದ ಮೇಲೆ ಅದಕ್ಕೆ ಎಂತಾದ್ರೂ ಆದ್ರೆ?"

ಮಾವ ನಲ್ಲಿ ನಿಲ್ಲಿಸಲು ಮರೆತು ನಿಂತ. ಬೇರೆಯವರ ಮನಸ್ಸಿಗೆ ಹೆದರಿಕೆ ಹಾಕುವ ಬಗೆಯನ್ನು ಅವನು ಬಲ್ಲವನಾಗಿದ್ದ. ಹಾಕಿದ್ದನ್ನು ತೆಗೆಯುವ ಬಗೆ ಅವನಿಗೆ ಯಾರೂ ಕಲಿಸಿರಲಿಲ್ಲ, ನನಗೂ ಧಾರವಾಡದಲ್ಲಿ ಕಲಿಸಿರಲಿಲ್ಲ. ಅವಳು ಮತ್ತೆ ಗ್ಲೌಸ್ ಹಾಕಲಿಲ್ಲ. ಶೆಡ್ಡಿನಲ್ಲಿ ಮಕ್ಕಳು ಈಗಲೂ ಪಳಯ್ ಆಡುತ್ತಾರೆಯೇ ಎಂದು ನಾನು ಕೇಳಿಲ್ಲ.

ಈಗ ಅವಳು ಶಿರವಾಡದಲ್ಲಿ ಬಾಡಿಗೆ ಕೋಣೆ ಮಾಡಿಕೊಂಡು ಒಂದು ಗೋದಾಮಿನಲ್ಲಿ ಕೆಲಸ ಮಾಡುತ್ತಾಳೆ. ಪೆಟ್ಟಿಗೆಗಳ ಮೇಲಿನ ಚೀಟಿ ನೋಡಿ ಬೇರೆಬೇರೆ ಇಡುವ ಕೆಲಸ. ಜನರನ್ನು ನೋಡಬೇಕಾಗಿಲ್ಲ, ಅದಕ್ಕೇ ಒಪ್ಪಿದೆ ಎಂದಳು. ಊರಿಗೆ ಅಪರೂಪ. ಬಂದರೂ ಮಧ್ಯಾಹ್ನ, ರಸ್ತೆಯಲ್ಲಿ ಜನ ಇಲ್ಲದ ಹೊತ್ತಿಗೆ ಬರುತ್ತಾಳೆ. ಎದುರುಮನೆಯ ಮರದ ಚಪ್ಪಲಿ ಉದುರಿ ಯಾವ ಕಾಲವಾಯಿತೋ. ಊರು ಹೆಚ್ಚುಕಡಿಮೆ ಮರೆತಿದೆ. ಇನ್ನೂ ನಂಬಿರುವವಳು ಅವಳೊಬ್ಬಳೇ ಎಂದು ನಾನು ಕಳೆದ ಚಳಿಗಾಲದವರೆಗೂ ತಿಳಿದಿದ್ದೆ.

ನನಗೆ ಮಗಳು ಹುಟ್ಟಿದ್ದು ಆಗ. ಬಾಣಂತನಕ್ಕೆ ಆಯಿಯ ಹತ್ತಿರ ಬಂದಿದ್ದೆ. ತಂಗಿ ಮಗುವನ್ನು ನೋಡಲು ಬರುವುದಿಲ್ಲ ಎಂದೇ ಅಂದುಕೊಂಡಿದ್ದೆವು. ಒಂದು ಮಧ್ಯಾಹ್ನ ಬಂದಳು. ಹಸಿರು ಬಣ್ಣದ ಚಿಕ್ಕ ಉಣ್ಣೆಯ ಟೊಪ್ಪಿ ತಂದಿದ್ದಳು. ಆಯಿ ಮಗುವನ್ನು ಎತ್ತಿಕೊಂಡು ಅಂಗಳದ ಬಿಸಿಲಿನಲ್ಲಿ ಕುಳಿತಿದ್ದಳು. ತಂಗಿ ತುಳಸಿಕಟ್ಟೆಯ ಹತ್ತಿರ ಚಪ್ಪಲಿ ಬಿಟ್ಟು ಅಲ್ಲೇ ನಿಂತಳು. ಎಲ್ಲಿ ನೋಡಬೇಕೆಂದು ತಿಳಿಯದೆ ಮಾಡಿನ ಹೆಂಚು ನೋಡುತ್ತಿದ್ದಳು.

"ಬಾರೇ, ಎತ್ಕೋ" ಎಂದೆ ನಾನು.

"ದೂರದಿಂದ್ಲೇ ಸಾಕು" ಎಂದಳು. "ಯಾರ ಹಾಗಿದೆ?"

"ನೀನೇ ನೋಡಿ ಹೇಳು."

ಅವಳು ನಿಧಾನವಾಗಿ ಕಣ್ಣು ಇಳಿಸಿದಳು. ಹೆಂಚಿನಿಂದ ಕಂಬಕ್ಕೆ, ಕಂಬದಿಂದ ಆಯಿಯ ಭುಜಕ್ಕೆ. ಆ ಹೊತ್ತಿಗೆ ಆಯಿಯ ಕೈ ಮೇಲೆ ಬಂದು ಮಗುವಿನ ಮುಖದ ಮೇಲೆ ಸೆರಗು ಎಳೆಯಿತು. ಕಡಲಗಾಳಿ ಬೀಸುತ್ತಿತ್ತು; ಗಾಳಿ ಇತ್ತೆಂದು ನಾನು ಆಣೆ ಮಾಡಿ ಹೇಳಬಲ್ಲೆ, ಹಗ್ಗದ ಮೇಲೆ ಮಗುವಿನ ಬಟ್ಟೆಗಳು ಹಾರುತ್ತಿದ್ದವು. ಆದರೆ ಆ ಗಾಳಿ ಆಯಿ ಅಲ್ಲಿ ಕುಳಿತ ಹೊತ್ತಿನಿಂದಲೂ ಇತ್ತು. ತಂಗಿಯ ಕಣ್ಣು ಸೆರಗಿನ ಮೇಲೆ ನಿಂತಿತು. ಟೊಪ್ಪಿಯನ್ನು ಕಟ್ಟೆಯ ಮೇಲೆ ಇಟ್ಟು, ಬಸ್ಸಿಗೆ ಹೊತ್ತಾಯಿತು ಎಂದಳು. ಅದನ್ನು ಹೇಳಲು ಅವಳಿಗೆ ಊರೇ ಕಲಿಸಿತ್ತು. ಒಂದು ಲೋಟ ನೀರೂ ಕುಡಿಯಲಿಲ್ಲ.

ಮರುದಿನ ಬೆಳಿಗ್ಗೆ ಬಟ್ಟೆ ಒಣಗಿಸಲು ಹೊರಗೆ ಬಂದಾಗ ತುಳಸಿಕಟ್ಟೆಯ ಹತ್ತಿರ ಅವಳು ನಿಂತ ಜಾಗದಲ್ಲಿ ನೆಲ ಕೆದರಿತ್ತು. ಸೆಗಣಿ ಸಾರಿಸಿದ ಅಂಗಳದಲ್ಲಿ ಅಂಗೈಯಷ್ಟು ಗುಳಿ, ಒಳಗೆ ಕೆಂಪು ಮಣ್ಣು ಹೊಸದಾಗಿ ಕಾಣುತ್ತಿತ್ತು. ನಮ್ಮಲ್ಲಿ ಕೋಳಿಗಳಿವೆ, ಅವು ಕೆದರುತ್ತವೆ. ಅಡುಗೆಮನೆಯಲ್ಲಿ ಮೆಣಸು ಸುಟ್ಟ ಘಾಟು ಇತ್ತೇ ಎಂದು ಎಷ್ಟು ಸಲ ಯೋಚಿಸಿದ್ದೇನೆ. ಒಂದೊಂದು ಸಲ ಇತ್ತು ಅನಿಸುತ್ತದೆ. ಆದರೆ ಸಾರಿನ ಒಗ್ಗರಣೆಗೂ ಮೆಣಸು ಹಾಕುತ್ತಾರೆ. ತಂಗಿಯನ್ನು ಕೇಳುವಂತಿಲ್ಲ. ಮಗು ಅವತ್ತು ಚೆನ್ನಾಗಿಯೇ ಇತ್ತು, ಹಿಂದಿನ ಸಂಜೆ ಸ್ವಲ್ಪ ಅತ್ತಿತ್ತು, ಎಲ್ಲ ಮಕ್ಕಳೂ ಅಳುವಷ್ಟು.

ಆಯಿ ಜಗಲಿಯಲ್ಲಿ ಮೊರ ಹಿಡಿದು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ನಾನು ಒದ್ದೆ ಬಟ್ಟೆಗಳನ್ನು ಹಿಡಿದುಕೊಂಡೇ ಅವಳೆದುರು ನಿಂತು ಕೇಳಿದೆ. ಅವಳು ಕಲ್ಲು ಆರಿಸುತ್ತಲೇ ಇದ್ದಳು. ಇಷ್ಟು ತಿಂಗಳಾದರೂ ಹೌದು ಎಂದಿಲ್ಲ, ಇಲ್ಲ ಎಂದೂ ಇಲ್ಲ. ನಾನು ಕೇಳಿದ್ದು ಇಷ್ಟೇ:

"ಆಯೀ, ತಂಗಿ ನಿಂತ ಜಾಗದ ಮಣ್ಣು ಕೋಳಿ ಕೆದರಿದ್ದಾ, ನೀ ತೆಗ್ದದ್ದಾ?"